ಆ ಕೋಣೆಯಲ್ಲಿ ಆರೋಪಿಯ ಕಡೆಯವರೂ ಇರಬೇಕು

ಅಮೆರಿಕದ ನ್ಯೂಜೆರ್ಸಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬರು ಹಲವು ತಿಂಗಳು ವಾರಕ್ಕೊಂದು ದಿನ ಆಫೀಸಿಗೆ ಬರುತ್ತಿರಲಿಲ್ಲ. ಫೆಡರಲ್ ಗ್ರ್ಯಾಂಡ್ ಜ್ಯೂರಿಗೆ ಅವರ ಹೆಸರು ಬಂದಿತ್ತು. ಅಲ್ಲೇನು ನಡೆಯಿತು ಎಂದು ಕೇಳಿದರೆ ಸುಮ್ಮನೆ ನಕ್ಕುಬಿಡುತ್ತಿದ್ದರು. ಒಳಗಿನ ಮಾತನ್ನು ಹೊರಗೆ ಆಡುವಂತಿಲ್ಲ, ಕಾನೂನೇ ಹಾಗಿದೆ.

ಇಲ್ಲಿ ಫೆಡರಲ್ ಸರ್ಕಾರ, ಅಂದರೆ ಕೇಂದ್ರ ಸರ್ಕಾರ, ಯಾರ ಮೇಲಾದರೂ ದೊಡ್ಡ ಅಪರಾಧದ ಆರೋಪ ಹೊರಿಸಬೇಕಾದರೆ, ಸರ್ಕಾರಿ ವಕೀಲರು ಮೊದಲು ಸಾಮಾನ್ಯ ಜನರ ಒಂದು ಗುಂಪನ್ನು ಒಪ್ಪಿಸಬೇಕು. ಆ ಗುಂಪೇ ಗ್ರ್ಯಾಂಡ್ ಜ್ಯೂರಿ. ಆರೋಪಿಯೇ ಬೇಡ ಎಂದರೆ ಮಾತ್ರ ವಿನಾಯಿತಿ. 1791ರಲ್ಲಿ ಬಂದ, ಇಲ್ಲಿನ ಸಂವಿಧಾನದ ಐದನೇ ತಿದ್ದುಪಡಿ ಇದನ್ನು ಹೇಳುತ್ತದೆ. 16ರಿಂದ 23 ಜನ ಕೂರುತ್ತಾರೆ, ಅವರಲ್ಲಿ 12 ಜನ ಒಪ್ಪಬೇಕು. ತಪ್ಪು ಮಾಡಿದ್ದಾರಾ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ಕೇಸು ನಡೆಸುವಷ್ಟು ಹುರುಳಿದೆಯಾ ಎಂದು ನೋಡುತ್ತಾರೆ, ಅಷ್ಟೆ.

ಆ ಗುಟ್ಟು ನನಗೆ ತುಂಬಾ ಹಿಡಿಸಿತು. ನಮ್ಮೂರಲ್ಲಿ ಎಫ್‌ಐಆರ್ ಆದ ಸಂಜೆಯೇ ಟಿವಿಯಲ್ಲಿ ಫೋಟೋ ಬಂದುಬಿಡುತ್ತದೆ. ಮುಂದೆ ಚಾರ್ಜ್‌ಶೀಟಿನಲ್ಲಿ ಹೆಸರೇ ಇಲ್ಲದಿದ್ದರೂ, ಆ ಮನೆಯ ಹೆಣ್ಣುಮಗಳಿಗೆ ಸಂಬಂಧ ನೋಡುವಾಗ ಅದೇ ಮಾತು ಏಳುತ್ತದೆ. ಇಲ್ಲೂ ಎಷ್ಟೋ ಸಲ ಮೊದಲೇ ಬಂಧನವಾಗಿ ಹೆಸರು ಹೊರಬೀಳುತ್ತದೆ, ನಿಜ. ಆದರೆ ಗ್ರ್ಯಾಂಡ್ ಜ್ಯೂರಿಯಿಂದಲೇ ಶುರುವಾಗಿ ಅಲ್ಲೇ ನಿಂತುಹೋದ ಕೇಸಿನಲ್ಲಿ ಒಬ್ಬರ ಮಾನ ಉಳಿಯುತ್ತದೆ. ಅದು ಸಣ್ಣ ವಿಷಯ ಅಲ್ಲ.

ದಾವಣಗೆರೆಯಲ್ಲಿ ವಕೀಲರಾಗಿರುವ ನಮ್ಮ ಭಾವನಿಗೆ ಇದನ್ನೆಲ್ಲ ಫೋನಿನಲ್ಲಿ ಖುಷಿಯಿಂದ ಹೇಳಿದೆ. ಅವರು ಕೇಳಿದ್ದು ಒಂದೇ: "ಅಲ್ಲಿ ಆರೋಪಿ ಕಡೆಯೋರು ಯಾರು ಇರ್ತಾರೋ?"

ಯಾರೂ ಇರುವುದಿಲ್ಲ. ಜಡ್ಜ್ ಕೂಡ ಒಳಗೆ ಕೂರುವುದಿಲ್ಲ. ಸಾಕ್ಷಿ ಹೇಳಲು ಬಂದವರ ವಕೀಲರೂ ಬಾಗಿಲ ಹೊರಗೇ ಕಾಯಬೇಕು. ಬರೀ ಕೇಳಿ ತಿಳಿದ ಮಾತಿನ ಮೇಲೂ ಆರೋಪ ಹೊರಿಸಬಹುದು ಎಂದು ಇಲ್ಲಿನ ಸುಪ್ರೀಂ ಕೋರ್ಟ್ 1956ರಲ್ಲಿ ಹೇಳಿದೆ. ಆರೋಪಿಗೆ ಅನುಕೂಲವಾಗುವ ಪುರಾವೆ ಕೈಯಲ್ಲಿದ್ದರೂ ಸರ್ಕಾರಿ ವಕೀಲರು ಅದನ್ನು ಜ್ಯೂರಿಗೆ ತೋರಿಸಲೇಬೇಕೆಂದಿಲ್ಲ ಎಂದು 1992ರಲ್ಲಿ ಹೇಳಿತು. 2010ರಲ್ಲಿ ಫೆಡರಲ್ ವಕೀಲರು ಸುಮಾರು 1,62,000 ಕೇಸು ನಡೆಸಿದರೆ, ಗ್ರ್ಯಾಂಡ್ ಜ್ಯೂರಿ ಆಗಲ್ಲ ಎಂದದ್ದು ಬರೀ 11ರಲ್ಲಿ. ಒಂದೇ ಕಡೆಯ ಮಾತು ಕೇಳಿದವರು ಇನ್ನೇನು ಹೇಳಲು ಸಾಧ್ಯ?

ನಮ್ಮಲ್ಲಿ ಚಾರ್ಜ್‌ಶೀಟ್ ಹಾಕುವವರು ಪೊಲೀಸರು. ಆದರೆ ಅದರ ಪ್ರತಿಯನ್ನು ಆರೋಪಿಗೆ ದುಡ್ಡಿಲ್ಲದೆ ಕೊಡಬೇಕು. ಸೆಷನ್ಸ್ ಕೋರ್ಟಿನಲ್ಲಿ ಆರೋಪ ಹೊರಿಸುವ ಮೊದಲು ಜಡ್ಜ್ ಎರಡೂ ಕಡೆಯವರ ಮಾತು ಕೇಳುತ್ತಾರೆ. ಹುರುಳಿಲ್ಲ ಅನಿಸಿದರೆ ಅಲ್ಲೇ ಡಿಸ್ಚಾರ್ಜ್, ಅಂದರೆ ವಿಚಾರಣೆಯಿಲ್ಲದೆ ಬಿಡುಗಡೆ. ಆ ಹಂತಕ್ಕೆ ಬರುವಷ್ಟರಲ್ಲಿ ವರ್ಷಗಳೇ ಕಳೆದಿರಬಹುದು ಎಂದು ಭಾವನೇ ಬೇಸರದಿಂದ ಹೇಳಿದರು. ಆದರೂ ಕೇಳುವ ಕಿವಿಯೊಂದು ಇದೆ, ಅಲ್ವಾ?

ನದಿಯಾಚೆ ನ್ಯೂಯಾರ್ಕ್ ರಾಜ್ಯದ ಕೋರ್ಟುಗಳಲ್ಲಿ ಆರೋಪಿ ಗ್ರ್ಯಾಂಡ್ ಜ್ಯೂರಿ ಮುಂದೆ ಬಂದು ತನ್ನ ಮಾತು ಹೇಳಬಹುದು. ಆಗ ಅವರ ವಕೀಲರೂ ಒಳಗಿರುತ್ತಾರೆ. ಫೆಡರಲ್ ಕೋರ್ಟಿನಲ್ಲೂ ಇದು ಬರಬೇಕು, ಗುಟ್ಟು ಹಾಗೇ ಇರಲಿ.

ನಾನೂ ಈಗ ಇಲ್ಲಿನ ಪ್ರಜೆ. ಯಾವತ್ತಾದರೂ ನನಗೂ ಆ ಕಾಗದ ಬರಬಹುದು. ಜ್ಯೂರಿಯಲ್ಲಿ ಕೂತವರು ಸಾಕ್ಷಿಗಳನ್ನು ಪ್ರಶ್ನೆ ಕೇಳಬಹುದಂತೆ. ಭಾವ ಕೇಳಿದ್ದನ್ನು ಅಲ್ಲಿ ನಾನು ಕೇಳುತ್ತೇನೆ.