ಥೀಸಿಸ್‌ನಲ್ಲಿ ಶೇ 10ರಷ್ಟು ಕಾಪಿ ಮಾಡಬಹುದೇ? ಒಂದು ಸ್ಪಷ್ಟನೆ

‘ಪಿಎಚ್‌ಡಿ ಥೀಸಿಸ್‌ನಲ್ಲಿ ಶೇ 10ರವರೆಗೆ ಕಾಪಿ ಹೊಡೆಯಬಹುದು, ಯುಜಿಸಿಯೇ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಪ್ಪಿದೆ’ ಎಂಬ ಮಾತು ವಿದ್ಯಾರ್ಥಿಗಳ ನಡುವೆ ಓಡಾಡುತ್ತಿದೆ. ಅದು ಸರಿಯಲ್ಲ. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಸಣ್ಣಪುಟ್ಟ ಹೋಲಿಕೆಗೆ ದಂಡನೆ ಇಲ್ಲ, ಅಷ್ಟೇ. ಕದಿಯೋಕೆ ಪರವಾನಗಿ ಎಲ್ಲಿ ಕೊಟ್ಟರು? ಶೇ 10 ದಾಟಿ 40ರೊಳಗಿದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. 60 ದಾಟಿದರೆ ನೋಂದಣಿಯೇ ರದ್ದು.

ಥೀಸಿಸ್ ಬೇರೆ ಬರಹಗಳಿಗೆ ಎಷ್ಟು ಹೋಲುತ್ತದೆ ಎಂದು ನೋಡುವ ಸಾಫ್ಟ್‌ವೇರ್ ಮುಖ್ಯವಾಗಿ ಹಿಡಿಯುವುದು ಪದಗಳ ಹೋಲಿಕೆಯನ್ನು. ಮೂಲ ಹೇಳಿ ಸರಿಯಾಗಿ ಉಲ್ಲೇಖಿಸಿದ ಸಾಲನ್ನೂ ಅದು ಎಣಿಸಬಹುದು. ನಿಯಮದ ಪ್ರಕಾರ ಅದನ್ನು ಲೆಕ್ಕದಿಂದ ಬಿಡಬೇಕು. ಆದರೆ ಇಂಗ್ಲಿಷ್ ಪ್ಯಾರಾವನ್ನು ಸುಮ್ನೆ ಕನ್ನಡಕ್ಕೆ ತಿರುಗಿಸಿ, ಲೇಖಕರ ಹೆಸರು ಹಾಕದೆ ಬಿಟ್ಟರೆ? ಸಾಫ್ಟ್‌ವೇರ್ ವರದಿಯಲ್ಲಿ ಹೋಲಿಕೆ ಸೊನ್ನೆ ಬಂದರೂ ಅದು ಕೃತಿಚೌರ್ಯವೇ. ನನಗೆ ಜಾಸ್ತಿ ಚಿಂತೆ ಇರುವುದು ಇದರ ಬಗ್ಗೆಯೇ.