ಮಾತ್ರೆ ಯಾಕೆ ಸೋತಿತು ಅಂತ ಹುಡುಕಬೇಕು

ಲಿವರ್ ಕ್ಯಾನ್ಸರ್ ಬಂದವರ ಮನೆಯವರನ್ನು ಮಾತಾಡಿಸಿ ನೋಡಿ. "ಮೊದಮೊದಲು ಮಾತ್ರೆ ಹಿಡಿಸಿತ್ತು, ಆಮೇಲೆ ಕೆಲಸ ಮಾಡಲಿಲ್ಲ" ಅನ್ನುವವರು ಎಷ್ಟೋ ಜನ. ಡಾಕ್ಟರು ಬೇರೆ ಔಷಧಿ ಬರೆಯುತ್ತಾರೆ, ಅದು ಸರಿಯೇ. ಆದರೆ ಹಿಂದಿನದು ಕೈಕೊಟ್ಟಿದ್ದಕ್ಕೆ ಕಾರಣ ಹುಡುಕುವುದು ಅಪರೂಪ. ಹೊಸ ಔಷಧಿಗೆ ಎಷ್ಟು ದುಡ್ಡು, ಗಮನ ಕೊಡುತ್ತೇವೋ ಈ ಹುಡುಕಾಟಕ್ಕೂ ಅಷ್ಟೇ ಕೊಡಬೇಕು ಅಂತ ನಾನು ಬಲವಾಗಿ ನಂಬಿದ್ದೇನೆ.

ಲಿವರ್ ಕ್ಯಾನ್ಸರ್‌ಗೆ ಕೊಡುವ ಲೆನ್ವಾಟಿನಿಬ್ ಮಾತ್ರೆಯನ್ನೇ ತಗೊಳ್ಳಿ. ಗೆಡ್ಡೆಗೆ ಹೊಸ ರಕ್ತನಾಳ ಹುಟ್ಟದಂತೆ, ಬೆಳೆಯಲು ಬೇಕಾದ ಕೆಲವು ಸಂಕೇತಗಳು ತಲುಪದಂತೆ ಅದು ತಡೆಯುತ್ತದೆ. ಆದರೂ ಬಹಳ ಜನರಲ್ಲಿ ಗೆಡ್ಡೆ ಜಗ್ಗುವುದಿಲ್ಲ. ನೆದರ್‌ಲೆಂಡ್ಸ್ ಮತ್ತು ಶಾಂಘೈನ ಸಂಶೋಧಕರು ಕ್ಯಾನ್ಸರ್ ಕೋಶಗಳಲ್ಲಿ ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ತಂತ್ರ ಬಳಸಿ ಬೇರೆ ಬೇರೆ ಜೀನ್‌ಗಳನ್ನು ಕೆಡಿಸಿ ನೋಡಿದರು. ಯಾವುದು ಕೆಟ್ಟರೆ ಈ ಮಾತ್ರೆಗೆ ಬಲ ಬರುತ್ತದೆ ಅನ್ನುವುದು ಅವರ ಪ್ರಶ್ನೆ. ಸಿಕ್ಕಿದ್ದು ಇಜಿಎಫ್‌ಆರ್, ಅಂದರೆ ಬೆಳೆಯುವ ಸಂಕೇತವನ್ನು ಕೋಶದೊಳಕ್ಕೆ ಮುಟ್ಟಿಸುವ ಒಂದು ಪ್ರೋಟೀನ್‌ನ ಜೀನ್. ಮಾತ್ರೆ ಒಂದು ದಾರಿ ಮುಚ್ಚಿದ ಕೂಡಲೇ ಕೋಶ ಈ ಇನ್ನೊಂದು ದಾರಿ ಹಿಡಿಯುತ್ತಿತ್ತು. ಅದನ್ನು ಮುಚ್ಚುವ ಜೆಫಿಟಿನಿಬ್ ಶ್ವಾಸಕೋಶದ ಕ್ಯಾನ್ಸರ್‌ಗೆ ಎಷ್ಟೋ ವರ್ಷಗಳಿಂದ ಕೊಡುತ್ತಿರುವ ಹಳೇ ಮಾತ್ರೆ! ಲೆನ್ವಾಟಿನಿಬ್ ಹಿಡಿಸದ 12 ರೋಗಿಗಳಿಗೆ ಎರಡನ್ನೂ ಸೇರಿಸಿ ಕೊಟ್ಟಾಗ ಕೆಲವರಲ್ಲಿ ಗೆಡ್ಡೆ ಕುಗ್ಗಿತು. 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 12 ಜನ ಅಂದ್ರೆ ತೀರಾ ಕಡಿಮೆ. ದಯವಿಟ್ಟು ಇದನ್ನು ಓದಿ ಯಾರೂ ಸ್ವಂತವಾಗಿ ಮಾತ್ರೆ ಸೇರಿಸಬೇಡಿ. ನನಗೆ ಮುಖ್ಯ ಅನ್ನಿಸಿದ್ದು ಅವರು ಹುಡುಕಿದ ರೀತಿ.

ಯಾವ ಔಷಧಿ ಯಾರಿಗೆ ಅಂತ ಹೇಳುವ ಗುರುತುಗಳ ವಿಷಯವೂ ಹೀಗೇ. ಎಎಫ್‌ಪಿ ರಕ್ತಪರೀಕ್ಷೆ ಗೊತ್ತಿರಬಹುದು. ಹೊಟ್ಟೆಯೊಳಗಿನ ಮಗುವಿನ ಲಿವರ್ ತಯಾರಿಸುವ ಪ್ರೋಟೀನ್ ಅದು. ಹುಟ್ಟಿದ ಮೇಲೆ ಇಳಿದುಹೋಗುತ್ತದೆ, ಲಿವರ್ ಕ್ಯಾನ್ಸರ್ ಬಂದರೆ ಎಷ್ಟೋ ಜನರಲ್ಲಿ ಮತ್ತೆ ಏರುತ್ತದೆ. ಎಲ್ಲರಲ್ಲೂ ಅಲ್ಲ. ಹಾಗಾಗಿ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಇರುವವರು ಎಎಫ್‌ಪಿ ನಾರ್ಮಲ್ ಬಂತು ಅಂತ ಆರು ತಿಂಗಳಿಗೊಮ್ಮೆಯ ಅಲ್ಟ್ರಾಸೌಂಡ್ ತಪ್ಪಿಸಲೇಬಾರದು. ರಾಮುಸಿರುಮಾಬ್ ಎಂಬ ಔಷಧಿಯನ್ನು ಎಲ್ಲ ಬಗೆಯ ರೋಗಿಗಳಿಗೂ ಕೊಟ್ಟು ನೋಡಿದ ಮೊದಲ ದೊಡ್ಡ ಪರೀಕ್ಷೆ ಸೋತಿತ್ತು. ಎಎಫ್‌ಪಿ ಒಂದು ಮಿಲಿಲೀಟರ್ ರಕ್ತದಲ್ಲಿ 400 ನ್ಯಾನೊಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇದ್ದವರಿಗೆ ಮಾತ್ರ ಕೊಟ್ಟಾಗ ಗೆದ್ದಿತು. ಬದುಕಿನ ಮಧ್ಯಾಂಕ, ಅಂದರೆ ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ, ಈ ಔಷಧಿ ಸಿಗದವರಲ್ಲಿ 7.3 ತಿಂಗಳಿದ್ದರೆ ಸಿಕ್ಕವರಲ್ಲಿ 8.5 ಆಯಿತು. ಸಣ್ಣ ಲಾಭವೇ, ಒಪ್ಪುತ್ತೇನೆ. ಆದರೆ ಗುರುತು ನೋಡದೇ ಇದ್ದಿದ್ದರೆ ಅದೂ ಸಿಗುತ್ತಿರಲಿಲ್ಲ ಅಲ್ವಾ?

ಇನ್ನೊಂದು ತೊಡಕಿದೆ, ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಬೇರೆ ಕ್ಯಾನ್ಸರ್‌ಗಳಲ್ಲಿ ಸಾಮಾನ್ಯವಾಗಿ ಮೊದಲು ಬಯಾಪ್ಸಿ, ಅಂದರೆ ಗೆಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದು. ಸಿರೋಸಿಸ್ ಇದ್ದವರ ಲಿವರ್ ಕ್ಯಾನ್ಸರ್ ಮಾತ್ರ ಎಷ್ಟೋ ಸಲ ಸ್ಕ್ಯಾನ್‌ನಲ್ಲೇ ತೀರ್ಮಾನವಾಗುತ್ತದೆ. ಸ್ಕ್ಯಾನ್‌ನಲ್ಲಿ ಚೆನ್ನಾಗಿ ಕಾಣಲೆಂದು ಕೊಡುವ ಕಾಂಟ್ರಾಸ್ಟ್ ದ್ರವ ಚುಚ್ಚಿದಾಗ ಗೆಡ್ಡೆ ಮೊದಲು ಬೆಳ್ಳಗೆ ಹೊಳೆಯುತ್ತದೆ, ಆಮೇಲೆ ಸುತ್ತಲಿನ ಲಿವರ್‌ಗಿಂತ ಕಪ್ಪಾಗಿಬಿಡುತ್ತದೆ. ಅಷ್ಟು ಕಂಡರೆ ಸೂಜಿ ಹಾಕುವ ಅಗತ್ಯ ಬರುವುದಿಲ್ಲ. ರಕ್ತಸ್ರಾವದ ಭಯವಿರುವ ರೋಗಿಗೆ ಇದು ಒಳ್ಳೆಯದೇ. ಆದರೆ ಸಂಶೋಧಕರಿಗೆ ಪರೀಕ್ಷಿಸಲು ಗೆಡ್ಡೆಯ ತುಣುಕೇ ಉಳಿಯುವುದಿಲ್ಲ. ಔಷಧಿ ಸೋತ ಮೇಲಿನ ತುಣುಕಂತೂ ಇನ್ನೂ ಅಪರೂಪ.

ಇದಕ್ಕಾಗಿ ಸುಮ್ನೆ ಎಲ್ಲರಿಗೂ ಸೂಜಿ ಚುಚ್ಚಿ ಅಂತ ನಾನು ಹೇಳುತ್ತಿಲ್ಲ. ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆ, ಔಷಧಿ ಶುರು ಮಾಡುವ ಮುಂಚಿನ ರಕ್ತ, ಅದು ಕೆಲಸ ನಿಲ್ಲಿಸಿದಾಗಿನ ರಕ್ತ, ಇಷ್ಟನ್ನಾದರೂ ರೋಗಿಯ ಒಪ್ಪಿಗೆ ಪಡೆದು ಜೋಪಾನವಾಗಿ ಇಡಬಹುದು. ಗೆಡ್ಡೆಯಿಂದ ರಕ್ತಕ್ಕೆ ಸೇರುವ ಡಿಎನ್‌ಎ ಚೂರುಗಳನ್ನು ಓದುವ ವಿಧಾನ ಈಗಾಗಲೇ ಇದೆ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳು ಇದನ್ನು ದಿನನಿತ್ಯದ ಕೆಲಸದಲ್ಲೇ ಸೇರಿಸಿಕೊಳ್ಳಬೇಕು, ಅದಕ್ಕೆ ಬೇಕಾದ ದುಡ್ಡನ್ನು ಸರ್ಕಾರ ಕೊಡಬೇಕು. ಯಾಕೆ ಬೇಕು ಅಂತ ಮನೆಯವರಿಗೆ ಅವರ ಭಾಷೆಯಲ್ಲೇ ಕೂತು ವಿವರಿಸಿ ಹೇಳುವ ಒಬ್ಬರೂ ಅಲ್ಲಿರಬೇಕು.