ಮೊದಲು ಪರವಾನಗಿಯ ಲೆಕ್ಕ, ಆಮೇಲೆ ಊರಿನ ಆಯ್ಕೆ
ಹೆಲಿಕಾಪ್ಟರ್ ಪೈಲಟ್ ತರಬೇತಿಯ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಶುಲ್ಕ ಕಡಿಮೆ, ಹವೆ ತಿಳಿಯಾಗಿರುತ್ತದೆ ಎಂಬ ಎರಡೇ ಕಾರಣಗಳಿಗೆ ಆ ತರಬೇತಿಯನ್ನು ಅಮೆರಿಕದಲ್ಲಿ ಪಡೆಯುವುದು ಲೇಸೆಂದು ಅದರ ಲೇಖಕರು ಹೇಳಿರುವುದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ವಿರಾಜಪೇಟೆಯಲ್ಲಿ ಪಿಯುಸಿ ಮುಗಿಸಿದ ನನ್ನ ಅಣ್ಣನ ಮಗನಿಗಾಗಿ ಈ ವಿಷಯವನ್ನು ವಿಚಾರಿಸಿದಾಗ ತಿಳಿದದ್ದೇನೆಂದರೆ, ವಿದೇಶದ ಪರವಾನಗಿ ಹಿಡಿದು ಬಂದವರೂ ಇಲ್ಲಿ ಹಾರಾಟದ ಕೆಲಸ ಮಾಡಬೇಕಾದರೆ ನಮ್ಮ ನಾಗರಿಕ ವಿಮಾನಯಾನದ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ನಡೆಸುವ ಪರೀಕ್ಷೆಗಳನ್ನು ಬರೆದು, ಅದನ್ನು ಭಾರತೀಯ ಪರವಾನಗಿಯಾಗಿ ಪರಿವರ್ತಿಸಿಕೊಳ್ಳಲೇಬೇಕು. ವೈದ್ಯಕೀಯ ತಪಾಸಣೆಯಂತೂ ಹಣ ಕಟ್ಟುವ ಮೊದಲೇ ಆಗಿರಬೇಕು. ಕಾಫಿ ತೋಟದ ಮೇಲೆ ಸಾಲ ಎತ್ತಿದ ಮೇಲೆ ಕಣ್ಣಿನ ದೋಷ ಗೊತ್ತಾದರೆ ಗತಿಯೇನು?

ಇನ್ನು, ವಾಣಿಜ್ಯ ಪರವಾನಗಿಗೆ ಬೇಕಾದ 150 ಗಂಟೆಗಳ ಹಾರಾಟವನ್ನು ಬಹುಪಾಲು ಶಾಲೆಗಳು ರಾಬಿನ್ಸನ್ ಆರ್22ನಂಥ ಕಾರಿನಲ್ಲಿರುವಂಥ ಪಿಸ್ಟನ್ ಎಂಜಿನ್ನಿನ ಪುಟ್ಟ ಹೆಲಿಕಾಪ್ಟರಿನಲ್ಲಿ ಮಾಡಿಸುತ್ತವೆ. ನಮ್ಮಲ್ಲಿ ಕೆಲಸವಿರುವುದೋ ಸಮುದ್ರದ ತೈಲಬಾವಿಗಳಿಗೆ, ಕೇದಾರನಾಥದಂಥ ಯಾತ್ರಾಸ್ಥಳಗಳಿಗೆ ಹಾರುವ, ಜೆಟ್ ಮಾದರಿಯ ಟರ್ಬೈನ್ ಎಂಜಿನ್ನಿನ ಹೆಲಿಕಾಪ್ಟರುಗಳಲ್ಲಿ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ರೋಟರಿನ (ಮೇಲೆ ತಿರುಗುವ ರೆಕ್ಕೆಗಳ) ಎತ್ತುವ ಬಲವೂ ಎಂಜಿನ್ನಿನ ಶಕ್ತಿಯೂ ಕುಗ್ಗುವುದರಿಂದ, ಕಡಲತೀರದ ಸಮತಟ್ಟು ನೆಲದಲ್ಲಷ್ಟೇ ಕಲಿತವರಿಗೆ ಬೆಟ್ಟದ ಹಾರಾಟ ಹೊಸ ಪಾಠವೇ ಸರಿ. ಮಳೆಗಾಲದ ಕಕ್ಕಡ ತಿಂಗಳ ಮಂಜು ಕಂಡಿರುವ ಕೊಡಗಿನವರಾದ ನಮಗೆ ಬೆಟ್ಟದ ಹಾರಾಟ ಕಷ್ಟವೆಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನಲ್ಲೇ, ಸರ್ಕಾರಿ ವಿಮಾನ ತಯಾರಿಕಾ ಸಂಸ್ಥೆಯಾದ ಎಚ್‌ಎಎಲ್‌ನ ರೋಟರಿ ವಿಂಗ್ ಅಕಾಡೆಮಿ ಎಂಬ ಹೆಲಿಕಾಪ್ಟರ್ ತರಬೇತಿ ಶಾಲೆ ಇರುವುದನ್ನು ಲೇಖನ ಹೆಸರಿಸದಿದ್ದುದು ದೊಡ್ಡ ಕೊರತೆ. ಎಲ್ಲಿಗೇ ಹೋದರೂ ಶಾಲೆಯಲ್ಲಿ ಹಾರುವ ಸ್ಥಿತಿಯಲ್ಲಿರುವ ಯಂತ್ರಗಳೆಷ್ಟು, ಒಬ್ಬ ಬೋಧಕರಿಗೆ ವಿದ್ಯಾರ್ಥಿಗಳೆಷ್ಟು ಎಂದು ಅಲ್ಲಿ ಈಗ ಕಲಿಯುತ್ತಿರುವವರನ್ನೇ ಕೇಳಿ, ಪೂರ್ತಿ ಶುಲ್ಕವನ್ನು ಒಂದೇ ಕಂತಿನಲ್ಲಿ ಕಟ್ಟದಿರುವುದು ಒಳ್ಳೆಯದು.